ಟೇಕಲ್ಲಿನ ಜಪಾನಿ ದಂಡು

ನಮ್ಮ ಅಜ್ಜಿ ದಿನವೂ ಮಡಿಸೀರೆಯನ್ನು ಗಳುವಿಗೆ ಏರಿಸುವುದು ಒಂದು ಜಪಾನಿ ಕತ್ತಿಯಿಂದ.

ಹೀಗೆಂದರೆ ನೀವು ನಂಬುವುದಿಲ್ಲ, ಗೊತ್ತು. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದೆ. ಸಾಕ್ಷಿ ಮಾಲೂರಿನ ನಮ್ಮ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿಕೊಂಡಿದೆ. ಜಾಲಿ ಮರದ್ದು. ಮೂರಡಿಗಿಂತ ಸ್ವಲ್ಪ ಹೆಚ್ಚು ಉದ್ದ, ಹಿಡಿಯ ಕಡೆ ದುಂಡಗೆ, ತುದಿಯ ಕಡೆ ಕೊಂಚ ಬಾಗಿದೆ. ಆ ಬಾಗು ಶತ್ರುವಿನ ನೆತ್ತಿಯ ಮೇಲೆ ಏಟು ಸರಿಯಾಗಿ ಬೀಳಲಿ ಎಂದು ಮಾಡಿದ್ದು. ಈಗ ಒದ್ದೆ ಸೀರೆ ಜಾರದಂತೆ ತಡೆಯುತ್ತದೆ. ಹಿಂದಿನ ಮಡಿಕೋಲು ನೆಟ್ಟಗಿತ್ತು, ಸೀರೆ ಜಾರಿ ಕೆಳಗೆ ಬೀಳುತ್ತಿತ್ತು, ಅಜ್ಜಿ ಮತ್ತೆ ಬಾವಿಗೆ ಹೋಗಬೇಕಾಗುತ್ತಿತ್ತು. "ನೀನು ಕಲಿತ ವಿದ್ಯೆಗಳಲ್ಲಿ ಮನೆಗೆ ಉಪಯೋಗಕ್ಕೆ ಬಂದದ್ದು ಇದೊಂದೇ ಕಣೋ" ಎನ್ನುತ್ತಾಳೆ. ಅವಳು ಅದಕ್ಕೆ ಹುಣಸೆಹಣ್ಣು ತಿಕ್ಕಿ, ಮೂರು ಕೊಡ ನೀರು ಸುರಿದು ಮಡಿ ಮಾಡಿಕೊಂಡ ದಿನದಿಂದ ನಾನು ಅದನ್ನು ಮುಟ್ಟುವ ಹಾಗಿಲ್ಲ. ಕತ್ತಿಗೆ ಅದರ ಧಣಿಯೇ ಮೈಲಿಗೆ!

ಮೊನ್ನೆ ಬೆಳಿಗ್ಗೆ ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ನೆತ್ತಿಯ ಮೇಲಕ್ಕೆತ್ತಿ, ಸೀರೆಯನ್ನು ಗಳುವಿನ ಮೇಲೆ ಹಾಯಿಸಿದ್ದನ್ನು ನೋಡಿದೆ. ಎಡಗೈ ಕೆಳಗೆ, ಬಲಗೈ ಮೇಲೆ, ಹೆಗಲು ಸಡಿಲ, ಎಡಗಾಲಿನ ಹಿಮ್ಮಡಿ ಒಂದು ಕೂದಲಷ್ಟು ಮೇಲೆ. ನನಗೆ ಹೊಟ್ಟೆ ಉರಿಯಿತು. ಆರು ತಿಂಗಳು ಮೈ ಮುರಿದರೂ ನನಗೆ ಬಾರದ ನಿಲುವು ಈ ಮುದುಕಿಗೆ ಗುರುವಿಲ್ಲದೆ ಬಂದಿದೆ. ಈ ಬರವಣಿಗೆ ಆ ಹೊಟ್ಟೆಯುರಿಯ ಫಲ.

ನಾನು ವಾದ ಮಾಡುವವನು. ಅದು ಗುಣವೋ ರೋಗವೋ ಎಂಬುದರ ಮೇಲೂ ಎರಡು ಕಡೆಯಿಂದ ಹತ್ತು ಹತ್ತು ನಿಮಿಷ ಮಾತಾಡಬಲ್ಲೆ. ಐದು ವರ್ಷದವನಿದ್ದಾಗ, ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಅಜ್ಜಿ ಹೇಳಿದ್ದಕ್ಕೆ, ಹಾಗಾದರೆ ದೇವರು ಹಲ್ಲು ಕೊಟ್ಟದ್ದು ಯಾಕೆ ಎಂದು ಕೇಳಿದೆನಂತೆ. "ಅನ್ನ ತಿನ್ನೋಕೆ" ಎಂದಳಂತೆ. ಹಾಗಾದರೆ ಅನ್ನ ಹಾಕು ಎಂದೆನಂತೆ. ಅವತ್ತು ಮನೆಯಲ್ಲಿ ಅನ್ನ ಮಾಡಿರಲಿಲ್ಲ. ವಾದ ಗೆದ್ದೆ, ಉಪವಾಸ ಮಲಗಿದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಬಹುಪಾಲು ಗೆಲುವುಗಳು ಈ ಜಾತಿಯವೇ.

ಇಂಟರ್‌ಮೀಡಿಯೆಟ್ ಓದುತ್ತಿದ್ದ ಕಾಲದಲ್ಲಿ ಕೋಲಾರದಲ್ಲಿ ನಮ್ಮದೊಂದು ಚರ್ಚಾಕೂಟವಿತ್ತು. ಸುತ್ತಿನ ತಾಲ್ಲೂಕುಗಳ ಹುಡುಗರು ರಜೆಯಲ್ಲಿ ಸೇರಿ ಗಂಟಲು ಹರಿದುಕೊಳ್ಳುತ್ತಿದ್ದೆವು. ಒಂದು ಸಲದ ವಿಷಯ, ಕತ್ತಿ ಮೇಲೋ ಲೇಖನಿ ಮೇಲೋ ಎಂಬುದು. ಎಲ್ಲರೂ ಲೇಖನಿಯ ಕಡೆಗೆ ನುಗ್ಗಿದರು. ಆದ್ದರಿಂದ ನಾನು ಕತ್ತಿಯ ಕಡೆ ನಿಂತೆ. ಚೆನ್ನಾಗಿಯೇ ಮಾತಾಡಿದೆ ಎಂದು ನನ್ನ ನಂಬಿಕೆ. ಕುರುಕ್ಷೇತ್ರದಿಂದ ಹೊರಟು ಶ್ರೀರಂಗಪಟ್ಟಣದವರೆಗೆ ಬಂದಿದ್ದೆ. ಆಗ ಮುಳಬಾಗಿಲಿನ ಶಾಮಣ್ಣ ಎದ್ದ. ಶಾಮಣ್ಣನಿಗೆ ತರ್ಕ ಬಾರದು. ಆದರೆ ಎಲ್ಲಿ ಚುಚ್ಚಿದರೆ ಗಾಳಿ ಹೋಗುತ್ತದೆ ಎಂಬುದು ಗೊತ್ತು.

"ಅಧ್ಯಕ್ಷರೇ, ನನ್ನ ಮಿತ್ರರು ಕತ್ತಿಯ ಮಹಿಮೆಯನ್ನು ಅರ್ಧ ಗಂಟೆ ವರ್ಣಿಸಿದರು. ಅವರು ಈವರೆಗೆ ಈಳಿಗೆಮಣೆಯನ್ನಾದರೂ ಮುಟ್ಟಿದ್ದಾರೆಯೇ? ದಯವಿಟ್ಟು ಕೇಳಿ ತಿಳಿಸಬೇಕು."

ಅಷ್ಟೇ ಹೇಳಿ ಕೂತುಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ನಿಜವಾಗಿಯೂ ನನ್ನನ್ನು ಕೇಳಿದರು. ಮುಟ್ಟಿರಲಿಲ್ಲ. ಸುಳ್ಳು ಹೇಳೋಣವೆಂದರೆ ನಮ್ಮ ಬೀದಿಯ ಇಬ್ಬರು ಹಿಂದಿನ ಬೆಂಚಿನಲ್ಲಿದ್ದರು.

ಮಾಲೂರಿಗೆ ಬರುವ ದಾರಿಯಲ್ಲೇ ತೀರ್ಮಾನ ಮಾಡಿದೆ. ಮುಂದಿನ ಕೂಟಕ್ಕೆ ಆರು ತಿಂಗಳಿದೆ. ಅಷ್ಟರಲ್ಲಿ ಕತ್ತಿವರಸೆ ಕಲಿತು, ಅದೇ ವೇದಿಕೆಯ ಮೇಲೆ ಶಾಮಣ್ಣನಿಗೆ ಉತ್ತರ ಕೊಡಬೇಕು. ಗಮನಿಸಿ, ನನಗೆ ಬೇಕಾಗಿದ್ದದ್ದು ಕತ್ತಿಯಲ್ಲ, ಆಧಾರ.

ಆಧಾರ ಸಿಕ್ಕುವ ಜಾಗ ಹತ್ತಿರದಲ್ಲೇ ಇತ್ತು. ಟೇಕಲ್ಲಿನಲ್ಲಿ ಸುಬ್ಬಣ್ಣನವರೆಂಬ ರೇಷ್ಮೆ ಡೆಮಾನ್‌ಸ್ಟ್ರೇಟರ್ ಇದ್ದರು. ಹಳ್ಳಿ ಹಳ್ಳಿ ತಿರುಗಿ, ಹುಳ ಸಾಕುವವರಿಗೆ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಹೇಳಿಕೊಡುವ ಸರ್ಕಾರಿ ಕೆಲಸ. ಅವರನ್ನು ಹಿಂದೊಮ್ಮೆ ಸರ್ಕಾರ ರೇಷ್ಮೆಯ ವಿದ್ಯೆ ಕಲಿತು ಬರಲಿ ಎಂದು ಎಂಟು ತಿಂಗಳು ಜಪಾನಿಗೆ ಕಳಿಸಿತ್ತು. ಅಲ್ಲಿ ಅವರಿಗೆ ಊಟ ಹಿಡಿಸಲಿಲ್ಲ, ಚಳಿ ತಡೆಯಲಾಗಲಿಲ್ಲ. ಅವರಿದ್ದ ಮನೆಯ ಯಜಮಾನ ಒಬ್ಬ ಮುದುಕ. ಈ ಮನುಷ್ಯ ನಡುಗುವುದನ್ನು ನೋಡಲಾರದೆ, ಬೆಳಗಿನ ಜಾವ ತನ್ನ ಮೊಮ್ಮಕ್ಕಳ ಸಾಲಿನಲ್ಲಿ ಇವರನ್ನೂ ನಿಲ್ಲಿಸಿ ಕೈಗೊಂದು ಮರದ ಕತ್ತಿ ಕೊಟ್ಟನಂತೆ. "ಮೈ ಬೆಚ್ಚಗಾಗಲಿ ಅಂತ ಶುರು ಮಾಡಿದ್ದು ಕಣೋ, ಆಮೇಲೆ ಬಿಡೋಕಾಗಲಿಲ್ಲ" ಎನ್ನುತ್ತಿದ್ದರು. ಆ ಮುದುಕನನ್ನು ಅವರು 'ನಮ್ಮ ತಾತ' ಎಂದೇ ಕರೆಯುತ್ತಿದ್ದರು. ಕತ್ತಿ ಹಿಡಿದು ಕೂತ ತಾತನ ಪಟವೊಂದು ಅವರ ಮನೆಯ ಗೋಡೆಯಲ್ಲಿ, ವೆಂಕಟರಮಣಸ್ವಾಮಿಯ ಪಕ್ಕದಲ್ಲೇ ಇತ್ತು. ತಾತನಿಗೆ ಐದು ವರಸೆ ಗೊತ್ತಿತ್ತು, ಸುಬ್ಬಣ್ಣನವರಿಗೆ ಬರುತ್ತಿದ್ದದ್ದು ನಾಲ್ಕು. "ಐದನೇದು ಮುಂದಿನ ವಾರ ಅಂದಿದ್ರು. ಹಡಗು ಹೊರಟುಬಿಡ್ತು."

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಈ ಹಟದಿಂದ ಆ ಸಾಧುಮನುಷ್ಯರ ಕೆಲಸ ಹೋಗುವುದರಲ್ಲಿತ್ತು, ಜೈಲೂ ದೂರವಿರಲಿಲ್ಲ. ನೀವು ನಗುವಾಗ ಅದು ಒಂದು ಕಡೆ ನೆನಪಿರಲಿ. ನನಗೂ ನಗುವಾಗ ನೆನಪಾಗುತ್ತದೆ.

ನಾನು ಹೋಗಿ ಕೇಳಿದಾಗ ಅವರಿಗಾದ ಸಂತೋಷ ಹೇಳತೀರದು. ಜಪಾನಿನಿಂದ ಬಂದ ಮೇಲೆ ಆ ವಿದ್ಯೆಯನ್ನು ಕೇಳಿದ ಮೊದಲನೆಯವನು ನಾನೇ. ಊರ ಬಡಗಿಯಿಂದ ಜಾಲಿ ಮರದ ಕತ್ತಿ ಮಾಡಿಸಿದರು. ಅದನ್ನು ಹಿಡಿದುಕೊಂಡು ವಾರಕ್ಕೆ ಮೂರು ದಿನ ಮಾಲೂರಿನಿಂದ ರೈಲಿನಲ್ಲಿ ಹೋಗಿಬರುತ್ತಿದ್ದೆ. ಡಬ್ಬಿಯಲ್ಲಿ ಕೂತವರು ಸುಮ್ಮನಿರುತ್ತಾರೆಯೇ? ಹಾವು ಹೊಡೆಯೋಕಾ ಎಂದು ಒಬ್ಬರು, ಮಾವಿನಕಾಯಿ ಕೀಳೋಕಾ ಎಂದು ಇನ್ನೊಬ್ಬರು. ಕತ್ತಿ ಎಂದರೆ ಯಾರೂ ನಂಬಲಿಲ್ಲ. ಒಬ್ಬ ಮುದುಕಿ ಮಾತ್ರ ನಂಬಿ, "ಪಾಪ, ನಾಟಕದೋನು" ಎಂದು ಕಡಲೆಕಾಯಿ ಕೊಟ್ಟಳು.

ಮೊದಲನೆಯ ದಿನವೇ ಜಗಳವಾಯಿತು.

"ನಮ್ಮ ತಾತನ ಹತ್ರ ಮೂರು ತಿಂಗಳು ಪ್ರಶ್ನೆ ಕೇಳೋ ಹಾಗಿರ್ಲಿಲ್ಲ" ಎಂದರು ಸುಬ್ಬಣ್ಣನವರು.

"ನಿಮಗೆ ಜಪಾನಿ ಭಾಷೆ ಬರ್ತಿರ್ಲಿಲ್ಲ ಮೇಷ್ಟ್ರೇ. ಅದಕ್ಕೇ ಕೇಳಿಲ್ಲ."

"ಅದೂ ಇರಬಹುದು. ಆದ್ರೂ ನೀನು ಕೇಳಬೇಡ."

ಚೌಕಾಸಿ ನಡೆದು, ದಿನಕ್ಕೆ ಒಂದು ಪ್ರಶ್ನೆ ಎಂದು ತೀರ್ಮಾನವಾಯಿತು.

"ಯಾಕೆ ಒಂದೇ?" ಎಂದೆ.

"ಇವತ್ತಿನದು ಮುಗೀತು" ಎಂದರು.

ಆಮೇಲೆ ಮಂಡಿಯೂರಿ ಹಿಮ್ಮಡಿಯ ಮೇಲೆ ಕೂರಿಸಿದರು. ಜಪಾನಿನವರು ಹೀಗೆ ಗಂಟೆಗಟ್ಟಲೆ ಕೂರುತ್ತಾರಂತೆ. ನಾನು ಹುಟ್ಟಿದಾಗಿನಿಂದ ಚಕ್ಕಳಮಕ್ಕಳ ಹಾಕಿದವನು. ಐದು ನಿಮಿಷಕ್ಕೆ ಕಾಲು ಯಾರದೋ ಆಯಿತು. ಏಳು ಎಂದಾಗ ಎದ್ದೆ, ಕಾಲು ಏಳಲಿಲ್ಲ. ಎದುರಿಗಿದ್ದ ರಾಗಿಹುಲ್ಲಿನ ಮೆದೆಯೊಳಕ್ಕೆ ಮುಖ ಹೊಕ್ಕಿತು. ನಾನು ಇದುವರೆಗೆ ಮಾಡಿರುವ ಅತ್ಯಂತ ಭಕ್ತಿಯ ಸಾಷ್ಟಾಂಗ ಅದೇ.

ಹಿಡಿತಕ್ಕೆ ಹದಿನೈದು ದಿನ. ಕಿರುಬೆರಳು ಬಿಗಿಯಾಗಿರಬೇಕು, ತೋರುಬೆರಳು ಸಡಿಲ. ಒದ್ದೆ ಪಂಚೆ ಹಿಂಡುವ ಹಾಗೆ. ನಾನು ಪಂಚೆಯನ್ನೂ ಹಿಂಡಿದವನಲ್ಲ ಎಂಬ ಸತ್ಯ ಅಲ್ಲಿ ಹೊರಬಿತ್ತು. ಆಮೇಲೆ ಹೆಜ್ಜೆ. ಬಲಗಾಲು ಮುಂದೆ, ಎಡಗಾಲು ಹಿಂದೆ, ನೆಲ ಬಿಡದೆ ಜಾರಬೇಕು. ಕತ್ತಿಯ ನೆನಪಾದರೆ ಕಾಲು ಮರೆಯುತ್ತಿತ್ತು, ಕಾಲಿನ ನೆನಪಾದರೆ ಕತ್ತಿ ಕಿವಿಗೆ ಬಡಿಯುತ್ತಿತ್ತು. ಅದರ ಮೇಲೆ ಸುಬ್ಬಣ್ಣನವರು ಕೆಲವು ದಿನ ಕತ್ತಿಯನ್ನೇ ತೆಗೆದಿಟ್ಟು, ಹಿಪ್ಪುನೇರಳೆ ಸೊಪ್ಪನ್ನು ಮುಂದೆ ಸುರಿದು, ಕುಡುಗೋಲು ಕೊಟ್ಟು, ನವಿರಾಗಿ ಹೆಚ್ಚು ಎನ್ನುತ್ತಿದ್ದರು. ಆಗತಾನೆ ಮೊಟ್ಟೆ ಒಡೆದ ಹುಳಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚಿಯೇ ಹಾಕಬೇಕು. ನನಗೆ ಗುಮಾನಿ ಬಂತು. ಆ ದಿನದ ಪ್ರಶ್ನೆಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಸಂಜೆ ಕೇಳಿದೆ: "ಮೇಷ್ಟ್ರೇ, ಇದು ಕತ್ತಿವರಸೆಯೋ, ಮುನಿಯಮ್ಮನ ಕೆಲಸವೋ?"

"ಎರಡೂ" ಎಂದರು.

ಈ ಮುನಿಯಮ್ಮನ ವಿಷಯ ಹೇಳಲೇಬೇಕು. ಸುಬ್ಬಣ್ಣನವರು ಬಾಡಿಗೆಗಿದ್ದದ್ದು ಅವಳ ಮನೆಯ ಒಂದು ಪಾಲಿನಲ್ಲಿ. ನಾವು ಕಲಿಯುತ್ತಿದ್ದದ್ದು ಅವಳ ಕಣದಲ್ಲಿ. ಟೇಕಲ್ಲಿನಲ್ಲಿ ಉಳಿದಲ್ಲೆಲ್ಲ ಬಂಡೆ. ಕಣದ ಅಂಚಿಗೇ ಅವಳ ಹುಳದ ಮನೆ. ಒಳಗೆ ಬಿದಿರಿನ ತಟ್ಟೆಗಳ ಸಾಲು, ತಟ್ಟೆ ತುಂಬ ಹುಳ. ನೀವು ಹುಳ ಸಾಕಿದವರಲ್ಲದಿದ್ದರೆ ಒಂದು ಮಾತು: ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರದ ಹುಳ ನಾಜೂಕು. ಹೊರಗಿನವರು ಒಳಗೆ ಬರಕೂಡದು, ಬೀಡಿ ಹೊಗೆ ಕೂಡದು, ಗದ್ದಲ ಕೂಡದು.

ಕತ್ತಿವರಸೆಯಲ್ಲಿ ಏಟಿಗೊಂದು ಕೂಗು ಇದೆ. ಹೊಟ್ಟೆಯ ಆಳದಿಂದ ಬರಬೇಕು, ಎದುರಾಳಿಯ ಎದೆ ನಡುಗಬೇಕು. ಇಷ್ಟು ದಿನದ ಪಾಠದಲ್ಲಿ ನನಗೆ ಸಹಜವಾಗಿ ಬರುವಂಥದ್ದು ಇದೊಂದೇ ಎಂದು ಹಿಗ್ಗಿ, ಒಂದು ಕೂಗು ಹಾಕಿದೆ. ಹುಳದ ಮನೆಯ ಬಾಗಿಲು ಸಿಡಿದು ತೆರೆಯಿತು.

"ಏಂದಿ ಸಾಮಿ ಇದು! ನನ್ ಹುಳ ಮೂರನೇ ಜ್ವರಕ್ಕೆ ಕೂತವೆ, ನೀವಿಲ್ಲಿ ಹೆಣ ಬಿದ್ದಂಗೆ ಅರಚ್ತೀರಾ?"

"ಮುನಿಯಮ್ಮಾ, ಇದು ವಿದ್ಯೆ..." ಎಂದರು ಸುಬ್ಬಣ್ಣನವರು.

"ನೀವೇ ಹೇಳ್ಲಿಲ್ವಾ ಸಾಮಿ? ಜಪಾನ್ನಾಗೆ ಹುಳದ ಮನೆ ಹತ್ರ ಕೆಮ್ಮೋದೂ ಇಲ್ಲ, ಪಿಸುಪಿಸು ಅಂತಾನೇ ಮಾತಾಡ್ತಾರೆ ಅಂತ? ಊರೆಲ್ಲ ಕೂರಿಸ್ಕೊಂಡು ಹೇಳಿದ್ರಲ್ಲ? ಆ ಜಪಾನು ಬೇರೆ, ಈ ಜಪಾನು ಬೇರೇನಾ?"

ನಾನು ಅವತ್ತೇ ಅವಳನ್ನು ಕೋಲಾರದ ಚರ್ಚಾಕೂಟಕ್ಕೆ ಕರೆದುಕೊಂಡು ಹೋಗಬೇಕಾಗಿತ್ತು. ಆ ಸರ್ಕಾರಿ ಬೋಧನೆ ಸುಬ್ಬಣ್ಣನವರದೇ. ಹುಳ ಜ್ವರ ಬಿಡಲಿ, ಆಮೇಲೆ ಕೂಗೋಣ ಎಂದುಕೊಂಡೆವು. ಆದರೆ ಅವಳದು ಎರಡು ತಂಡದ ಹುಳ. ಒಂದಕ್ಕೆ ಜ್ವರ ಬಿಟ್ಟರೆ ಇನ್ನೊಂದಕ್ಕೆ ಬರುವುದು. ಅದು ಬಿಟ್ಟು ಗೂಡು ಕಟ್ಟುವ ಹೊತ್ತಿಗೆ ಹೊಸ ಮೊಟ್ಟೆ. ಕಡೆಗೆ ಸುಬ್ಬಣ್ಣನವರು ದಾರಿ ಕಂಡುಹಿಡಿದರು. ಹೊಟ್ಟೆ ಬಿಗಿಹಿಡಿದು, ಕಣ್ಣು ಕೆಕ್ಕರಿಸಿ, ಬಾಯಿ ಪೂರ್ತಿ ತೆರೆದು ಕೂಗಬೇಕು. ಸದ್ದು ಮಾತ್ರ ಹೊರಡಬಾರದು. ಗರ್ಜನೆಯೆಲ್ಲ ಒಳಗೇ. ಹಾಗಾಗಿ ಕೂಗಿಲ್ಲದ ಕತ್ತಿವರಸೆ ಲೋಕದಲ್ಲಿ ಟೇಕಲ್ಲಿನದೊಂದೇ ಇದ್ದಿರಬೇಕು. ಬಂಡೆಯ ಮೇಲೆ ಕೂತು ನೋಡುತ್ತಿದ್ದ ದನಗಾಹಿಗಳು, ಇವನಿಗೆ ಹಲ್ಲುನೋವು ಎಂದು ತೀರ್ಮಾನಿಸಿ, ಲವಂಗ ಇಟ್ಟುಕೊಳ್ಳಲು ಹೇಳಿಕಳಿಸಿದರು.

ಈ ನಡುವೆ ಲೋಕದಲ್ಲಿ ಇನ್ನೇನೋ ಆಯಿತು. ನಾನು ಕಲಿಯಲು ಶುರು ಮಾಡಿದಾಗ ಜಪಾನಿನವರು ನಮಗೆ ಅಗ್ಗದ ಬೊಂಬೆ, ಗಾಜಿನ ಸಾಮಾನು ಕಳಿಸುವ ಜನ. ನಾಲ್ಕನೆಯ ವರಸೆಗೆ ಬರುವ ಹೊತ್ತಿಗೆ ಬಾಂಬು ಹಾಕುವ ಜನವಾಗಿದ್ದರು. ಸಿಂಗಪುರ ಹೋಯಿತು, ರಂಗೂನು ಹೋಯಿತು. ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ನಮ್ಮ ಕಡೆಯ ನೆಂಟರ ಮನೆಗಳಿಗೆ ಬಂದು ಇಳಿದರು. ಟೇಕಲ್ಲಿನ ಮುಂದೆ ಹಾಯುವ ರೈಲಿನಲ್ಲಿ ದಿನವೂ ಸಿಪಾಯಿಗಳು. ಬುದ್ಧಿ ಇದ್ದ ಯಾವನಾದರೂ ಆಗ ಜಪಾನು ಎಂಬ ಮಾತನ್ನು ನಾಲಗೆಯಿಂದ ಕೆಳಗೆ ಇಳಿಸಿಬಿಡುತ್ತಿದ್ದ.

ಅಂಥ ಹೊತ್ತಿನಲ್ಲೇ ಕೋಲಾರದ ಕೂಟ ಬಂತು. ವಿಷಯ ಕತ್ತಿಯಲ್ಲ, ಹೆಣ್ಣುಮಕ್ಕಳ ವಿದ್ಯಾಭ್ಯಾಸವೋ ಏನೋ. ಆದರೆ ಶಾಮಣ್ಣ ಎದುರಿಗೆ ಕೂತಿದ್ದ, ಆರು ತಿಂಗಳಿನಿಂದ ಸಿದ್ಧಮಾಡಿದ ವಾಕ್ಯ ನನ್ನ ಬಾಯಲ್ಲಿತ್ತು. ಹೇಗೋ ದಾರಿ ಮಾಡಿಕೊಂಡು ಅಲ್ಲಿಗೆ ತಂದೆ. "ಅಧ್ಯಕ್ಷರೇ, ಈಳಿಗೆಮಣೆಯ ಬಗ್ಗೆ ಹಿಂದೆ ನನ್ನನ್ನು ಕೇಳಲಾಗಿತ್ತು. ಇಂದು ಹೇಳುತ್ತೇನೆ. ಟೇಕಲ್ಲಿನ ಬಂಡೆಗಳ ನಡುವೆ, ಜಪಾನಿನಲ್ಲೇ ಕಲಿತು ಬಂದ ಗುರುಗಳ ಕೈಕೆಳಗೆ, ನಾನು ಜಪಾನಿ ಖಡ್ಗವಿದ್ಯೆಯಲ್ಲಿ ತಯಾರಾಗುತ್ತಿದ್ದೇನೆ!"

ಚಪ್ಪಾಳೆ ಬಿತ್ತು. ಶಾಮಣ್ಣನೂ ತಟ್ಟಬೇಕಾಯಿತು. ಮುದ್ದೆಯ ವಾದದ ನಂತರ ಇಷ್ಟು ದೊಡ್ಡ ಗೆಲುವು ಕಂಡಿರಲಿಲ್ಲ.

ಹತ್ತು ದಿನದಲ್ಲಿ ಮೂಗರ್ಜಿ ಹೋಯಿತು. ಯಾರು ಬರೆದರೋ ಇಂದಿಗೂ ಗೊತ್ತಿಲ್ಲ. ತಾನಲ್ಲ ಎಂದು ಶಾಮಣ್ಣ ಆಂಜನೇಯನ ಮೇಲೆ ಆಣೆ ಮಾಡಿದ್ದಾನೆ. ಟೇಕಲ್ಲಿನ ಬಂಡೆಗಳ ಮರೆಯಲ್ಲಿ, ರೈಲು ದಾರಿಯ ಪಕ್ಕದಲ್ಲೇ, ಸರ್ಕಾರಿ ನೌಕರನೊಬ್ಬ ಜಪಾನಿ ದಂಡು ಕಟ್ಟುತ್ತಿದ್ದಾನೆ ಎಂದು ಅದರಲ್ಲಿತ್ತಂತೆ. ಆ ದಂಡು ನಾನು.

ಹನ್ನೊಂದು ಗಂಟೆಯ ಗಾಡಿಗೆ ಸಬ್ ಇನ್ಸ್‌ಪೆಕ್ಟರು ವಿಚಾರಣೆಗೆ ಬರುತ್ತಾರೆಂದು ಸ್ಟೇಷನ್ನಿನ ಪೋರ್ಟರು ಬೆಳಿಗ್ಗೆಯೇ ಬಂದು ಹೇಳಿದ. ಅವತ್ತು ನನ್ನ ಪಾಠದ ದಿನ. ನಾನು ಹೋದಾಗ ಸುಬ್ಬಣ್ಣನವರು ಗೋಡೆಯಿಂದ ತಾತನ ಪಟ ಇಳಿಸುತ್ತಿದ್ದರು. ಗೋಡೆಯ ಮೇಲೆ ಪಟದಷ್ಟೇ ಅಗಲಕ್ಕೆ ಸುಣ್ಣ ಬೆಳ್ಳಗೆ ಉಳಿದಿತ್ತು.

"ಕೆಲಸ ಹೋಗತ್ತೆ ಕಣೋ ಸೀನ. ಕೆಲಸವೊಂದೇ ಹೋದ್ರೆ ಪುಣ್ಯ" ಎಂದರು.

ಬಯ್ಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮುನಿಯಮ್ಮ ಪಟವನ್ನು ಅವರ ಕೈಯಿಂದ ಕಿತ್ತುಕೊಂಡಳು. "ಈ ತಾತ ನಮ್ ಹುಳದ ಜತೆ ಇರ್ಲಿ ಬಿಡಿ ಸಾಮಿ" ಎಂದು ಒಳಗೆ ಹೋಗಿ, ಸೊಪ್ಪಿನ ರಾಶಿಯಲ್ಲಿ ಮುಚ್ಚಿಟ್ಟು ಬಂದಳು.

ನಾನು ಗಂಟಲು ಸರಿಮಾಡಿಕೊಂಡೆ. "ಮೇಷ್ಟ್ರೇ, ಹೆದರಬೇಡಿ. ರೈಲಿನಲ್ಲೇ ವಾದ ಸಿದ್ಧ ಮಾಡಿದೀನಿ. ಮೂರು ಅಂಶ ಇದೆ. ಮೊದಲನೇದಾಗಿ..."

"ನೀನು ಬಾಯಿ ತೆರೆದಿದ್ದಕ್ಕೇ ಇಷ್ಟೆಲ್ಲ ಆಗಿರೋದು" ಎಂದರು ಸುಬ್ಬಣ್ಣನವರು. ಆಮೇಲೆ, ಬಲು ಕಷ್ಟದಿಂದ, ನನ್ನ ಮುಖ ನೋಡದೆ ಹೇಳಿದರು: "ಅವ್ರು ಮಾಡಿ ತೋರ್ಸಿ ಅಂತಾರೆ. ಕೆಟ್ಟದಾಗಿ ಮಾಡೋದು ನನ್ನ ಕೈಲಾಗಲ್ಲ ಕಣೋ, ತಾತ ಕಣ್ಮುಂದೆ ಬಂದುಬಿಡ್ತಾರೆ. ನೀನು ಮಾಡು. ಕೆಟ್ಟದಾಗಿ ಮಾಡು. ಮಕ್ಕಳಾಟ ಅನ್ನಿಸ್ಬೇಕು. ಮಾಡ್ತೀಯಾ?"

ಮಾಡುತ್ತೇನೆ ಎಂದು ಮಾತು ಕೊಟ್ಟೆ. ಕೊಡುವಾಗ ಕಣ್ಣು ಒದ್ದೆಯಾಗಿತ್ತು. ಗುರುವಿಗಾಗಿ ವಿದ್ಯೆಯನ್ನೇ ಮರೆಮಾಚುವ ಶಿಷ್ಯ! ನಾನು ನನ್ನನ್ನೇ ಮೆಚ್ಚಿಕೊಂಡ ಗಳಿಗೆಗಳು ಕಡಿಮೆಯಲ್ಲ. ಅದು ಅವುಗಳಲ್ಲೆಲ್ಲ ಮೇಲಿನದು.

ಇನ್ಸ್‌ಪೆಕ್ಟರು ಬಂದರು, ಹಿಂದೆ ಒಬ್ಬ ದಫೇದಾರ. ಇನ್ಸ್‌ಪೆಕ್ಟರದು ತೆಳ್ಳನೆಯ, ಕಟ್ಟುಮಸ್ತಾದ ಮೈ. ಬಲವಾದ ನೆಗಡಿ. ಮನೆಯ ಮೂಲೆ ಮೂಲೆ ನೋಡಿದರು. ದಫೇದಾರ ಹುಳದ ಮನೆಯ ಬಾಗಿಲಿಗೆ ಕೈ ಹಾಕಿದ. ಮುನಿಯಮ್ಮ ಅಡ್ಡ ನಿಂತಳು.

"ಬರಂಗಿಲ್ಲ. ನಾಕನೇ ಜ್ವರ."

"ಏಯ್, ಪೊಲೀಸು ಕಣಮ್ಮಾ!"

"ಪೊಲೀಸ್ನೋರ್ಗೂ ಜ್ವರ ಜ್ವರಾನೇ. ಅದ್ರಾಗೂ ಆ ಸಾಮಿ ಸೀನ್ತಾ ಅವ್ರೆ. ಹುಳ ಹೋದ್ರೆ ನೀವು ನೂಲು ತೆಗೀತೀರಾ?"

ಇನ್ಸ್‌ಪೆಕ್ಟರು ನಮ್ಮ ಸೀಮೆಯವರೇ. ಅವರ ತಾಯಿಯೂ ಹುಳ ಸಾಕಿದವರಿರಬೇಕು. ಎರಡು ಹೆಜ್ಜೆ ಹಿಂದಕ್ಕೆ ಬಂದು, ಕರವಸ್ತ್ರ ಮೂಗಿಗೆ ಒತ್ತಿಕೊಂಡು, "ಬಿಡಯ್ಯಾ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ದಂಡು ಎಲ್ಲಿ?"

"ಇವನೇ ಸಾರ್" ಎಂದರು ಸುಬ್ಬಣ್ಣನವರು.

"ಇವನಾ? ಈ ಹೀಚು?" ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಸರಿ, ಮಾಡಿ ತೋರ್ಸಯ್ಯಾ. ನಾನು ಶ್ರೀನಿವಾಸಪುರದ ಗರಡಿಮನೆ ಮಣ್ಣಲ್ಲಿ ಹೊರಳಿದೋನು. ಕತ್ತಿ, ದೊಣ್ಣೆ ಎಲ್ಲ ನೋಡಿದೀನಿ. ನಿಜವಾಗ್ಲೂ ಕಲ್ತೋನೋ ಇಲ್ವೋ ಕಾಲು ನೋಡಿದ್ರೆ ಸಾಕು, ಹೇಳಿಬಿಡ್ತೀನಿ."

ಸುಬ್ಬಣ್ಣನವರ ಮುಖ ಬಿಳಿಚಿಕೊಂಡಿತು. ಗರಡಿಯ ಕಣ್ಣು! ಕಳ್ಳಾಟ ಆಡಿದರೆ ಸಿಕ್ಕಿಬೀಳುವುದು ಖಂಡಿತ.

ನಾನು ಕಣದ ನಡುವೆ ನಿಂತೆ. ಕೆಟ್ಟದಾಗಿ ಮಾಡಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ತಲೆ ಎತ್ತಿ ನೋಡಿದರೆ ಅರ್ಧ ಊರು ಬಂದಿದೆ. ಬಂಡೆಗಳ ಮೇಲೆಲ್ಲ ಜನ. ಪೋರ್ಟರು ಕೆಂಪು ಬಾವುಟ ಕಂಕುಳಲ್ಲಿಟ್ಟುಕೊಂಡು ಬಂದಿದ್ದಾನೆ. "ಹಲ್ಲುನೋವಿನ ಅಯ್ನೋರು" ಎಂದು ಯಾರೋ ಹೇಳಿದರು. ಈ ಹೀಚು ಎಂಬ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ಅಷ್ಟು ಜನರನ್ನು ನೋಡಿದ ಕೂಡಲೇ ಕೊಟ್ಟ ಮಾತು, ಗುರುವಿನ ಕೆಲಸ, ಜೈಲು, ಎಲ್ಲವೂ ನನ್ನ ತಲೆಯಿಂದ ಹಾರಿಹೋದವು. ಉಳಿದದ್ದು ಒಂದೇ: ಇವರಿಗೆ ತೋರಿಸುತ್ತೇನೆ. ಉಸಿರು ಹೊಟ್ಟೆಗೆ ಇಳಿಸಿದೆ. ಕಿರುಬೆರಳು ಬಿಗಿದೆ. ಆರು ತಿಂಗಳಲ್ಲಿ ಒಂದು ದಿನವೂ ಇಟ್ಟಿಲ್ಲದಷ್ಟು ಶ್ರದ್ಧೆ ಇಟ್ಟು, ನಾಲ್ಕು ವರಸೆಯನ್ನೂ, ನನ್ನ ಪ್ರಾಣವನ್ನೆಲ್ಲ ಕೈಗೆ ತಂದುಕೊಂಡು, ಮಾಡಿದೆ. ಹುಳಕ್ಕೆ ಜ್ವರವಾದ್ದರಿಂದ ಕೂಗನ್ನು ಒಳಗೇ ಕೂಗಿದೆ. ಏಟಿಗೊಂದು ಸಲ ಕಣ್ಣು ಕೆಕ್ಕರಿಸಿ, ಬಾಯಿ ಕಿವಿಯವರೆಗೂ ತೆರೆದು.

ಕೊನೆಯ ಏಟು ಮುಗಿಸಿ ಸಿಂಹದ ಹಾಗೆ ತಿರುಗಿದೆ. ಇನ್ಸ್‌ಪೆಕ್ಟರು ಕಣದ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ನೆಗಡಿಯಿಂದಲ್ಲ, ನಗುವಿನಿಂದ ಅವರ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ದಫೇದಾರ ಗೋಡೆ ಹಿಡಿದುಕೊಂಡು ನಿಂತಿದ್ದ.

"ಆಕಳಿಸ್ತಾ ಇದಾನಲ್ಲಯ್ಯಾ! ಯುದ್ಧದ ಮಧ್ಯೆ ಆಕಳಿಸ್ತಾನೆ!" ಎಂದರು ಇನ್ಸ್‌ಪೆಕ್ಟರು. "ಇನ್ನೊಂದ್ಸಲ ಮಾಡಯ್ಯಾ, ಆ ಎರಡನೇದು."

ಮಾಡಿದೆ. ಇನ್ನೂ ಚೆನ್ನಾಗಿ ಮಾಡಿದೆ.

"ಸಾಕು, ಸಾಕಪ್ಪಾ, ಎದೆ ಹಿಡ್ಕೊಳ್ತು." ಅವರು ಕಣ್ಣೊರಸಿಕೊಂಡು, ದಫೇದಾರನ ಕೈಯಿಂದ ಕಾಗದ ತೆಗೆದುಕೊಂಡು, ತೊಡೆಯ ಮೇಲಿಟ್ಟು ಬರೆದರು. ಬರೆಯುತ್ತಾ ಓದಿದರು: "ದಂಡು ಇಲ್ಲ. ಇರುವುದು ಒಬ್ಬ ಹುಡುಗ. ಇವನಿಂದ ಇವನಿಗೆ ಹೊರತು ಬೇರೆ ಯಾರಿಗೂ ಅಪಾಯ ಕಾಣಲಿಲ್ಲ." ಆಮೇಲೆ ಸುಬ್ಬಣ್ಣನವರಿಗೆ, "ಏನ್ರೀ, ಗರಡಿ ಮಣ್ಣು ಮುಟ್ಟದೋನೂ ಇದಕ್ಕಿಂತ ನೆಟ್ಟಗೆ ಹೆಜ್ಜೆ ಇಡ್ತಾನೆ. ಇದನ್ನ ಕಲಿಯೋಕೆ ಸಮುದ್ರ ದಾಟಿದ್ರಾ? ಯುದ್ಧ ಮುಗಿಯೋವರೆಗೂ ಈ ಆಟ ನಿಲ್ಸಿ. ಹುಳ ನೋಡ್ಕೊಳಿ, ಹುಳ" ಎಂದು ಎದ್ದರು. ಕಣ ದಾಟುವವರೆಗೂ ಅವರ ಹೆಗಲು ಕುಲುಕುತ್ತಿತ್ತು.

ಜನ ಚದುರಿದರು. ಮುನಿಯಮ್ಮ ಸೊಪ್ಪಿನೊಳಗಿಂದ ತಾತನನ್ನು ಎತ್ತಿ ತಂದಳು. ಸುಬ್ಬಣ್ಣನವರು ಪಟವನ್ನು ಪಂಚೆಯ ಅಂಚಿನಿಂದ ಒರೆಸಿ, ಎದೆಗೆ ಒತ್ತಿಕೊಂಡು, ನನ್ನ ಮುಂದೆ ಬಂದು ನಿಂತರು. ನನ್ನ ಕಿವಿ ಕಾದ ಬಾಣಲೆಯಾಗಿತ್ತು. ಕೊಟ್ಟ ಮಾತು ಈಗ ನೆನಪಿಗೆ ಬಂದಿತ್ತು. ಬಯ್ಯುತ್ತಾರೆ, ಬಯ್ಯಲಿ ಎಂದು ನಿಂತೆ.

ಅವರ ಕಣ್ಣಲ್ಲಿ ನೀರು.

"ಸೀನ, ಹೆಂಗೆ ಮಾಡಿದ್ಯೋ! ಆ ಎರಡನೇ ಏಟಿಗೆ ಎಡಗಾಲು ಮುಂದಿಟ್ಟೆಯಲ್ಲ, ಅದು ಹೆಂಗೆ ಹೊಳೀತೋ ನಿಂಗೆ? ಮೂರನೇದ್ರಲ್ಲಿ ಕತ್ತೀನೇ ತಿರುಗಾಮುರುಗಾ ಹಿಡಿದೆ! ಗರಡಿ ಆಳಿನ ಕಣ್ಣಿಗೇ ಮಣ್ಣೆರಚಿಬಿಟ್ಟೆಯಲ್ಲೋ! ಒಂದಾದ್ರೂ ಸರಿಹೋಗಿಬಿಡತ್ತೆ ಅಂತ ಉಸಿರು ಬಿಗಿಹಿಡಿದಿದ್ದೆ. ಒಂದೂ ಸರಿಹೋಗ್ಲಿಲ್ಲ! ಅಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡ್ಬೇಕಾದ್ರೆ ಸರಿ ಯಾವ್ದು ಅಂತ ಪೂರ್ತಿ ಗೊತ್ತಿರ್ಬೇಕು ಕಣೋ. ನೀನು ಕಲಿತುಬಿಟ್ಟಿದೀಯ."

ಆ ಏಟಿಗೆ ಎಡಗಾಲೇ ಮುಂದೆ ಎಂದು ನಾನು ನಂಬಿದ್ದೆ. ಕತ್ತಿ ತಿರುಗಾಮುರುಗಾ ಆಗಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮುನಿಯಮ್ಮ ಆರು ತಿಂಗಳಿನಿಂದ ನನ್ನ ಪಾಠವನ್ನು ನೋಡಿದವಳು. ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳು ಏನೋ ಹೇಳಲು ಬಾಯಿ ತೆರೆದು, ಸೆರಗನ್ನು ಬಾಯಿಗೆ ತುರುಕಿಕೊಂಡು, ಹುಳಕ್ಕೆ ಗಾಳಿ ಬಿಡಬೇಕು ಎಂದು ಗೊಣಗುತ್ತಾ ಒಳಗೆ ಹೋಗಿಬಿಟ್ಟಳು.

ಸುಬ್ಬಣ್ಣನವರು ಪಟವನ್ನು ಪಕ್ಕಕ್ಕಿಟ್ಟರು. ಎರಡೂ ಕೈ ತೊಡೆಯ ಪಕ್ಕಕ್ಕೆ ಇಟ್ಟುಕೊಂಡು, ಸೊಂಟದಿಂದ ಬಗ್ಗಿ, ಜಪಾನಿನವರ ಹಾಗೆ ನನಗೆ ನಮಸ್ಕಾರ ಮಾಡಿದರು. ಗುರು ಶಿಷ್ಯನಿಗೆ ಹಾಗೆ ಬಗ್ಗುವುದು ಕಲಿಕೆ ಮುಗಿದ ದಿನ ಒಂದೇ ಸಲ ಎಂದು ಅವರೇ ಹಿಂದೆ ಹೇಳಿದ್ದರು.

ಕಲಿತುಬಿಟ್ಟಿದೀಯ ಎಂಬ ಮಾತಿಗೆ ನನ್ನ ಹತ್ತಿರ ಖಂಡನೆ ಇತ್ತು. ಒಂದಲ್ಲ, ಮೂರು ಅಂಶ, ಆಧಾರ ಸಮೇತ. ನಾಲಗೆಯ ತುದಿಗೇ ಬಂದಿತ್ತು.

ನಾನೂ ಬಗ್ಗಿದೆ. ಬಗ್ಗಿದವನು ಬೇಗ ಏಳಲಿಲ್ಲ. ಏಳುವ ಮೊದಲು ಮುಖವನ್ನು ಒಂದು ಸ್ಥಿತಿಗೆ ತಂದುಕೊಳ್ಳಬೇಕಾಗಿತ್ತು.